ಅಪ್ಪನ ಸಿ.ಡಿ. ಪೆಟ್ಟಿಗೆಯಿಂದ ಹಾರ್ಡ್ ಡಿಸ್ಕಿಗೆ: ಶಾಸ್ತ್ರೀಯ ಸಂಗೀತವನ್ನ ಸರಿಯಾಗಿ ಇಳಿಸಿಕೊಳ್ಳೋದು ಹೇಗೆ

ಕಳೆದ ಭಾನುವಾರದ ವಿಡಿಯೋ ಮಾತುಕತೆಯ ಬರಹರೂಪ ಇದು. ಅಲ್ಲಿ ಸ್ಕ್ರೀನ್ ಹಂಚಿಕೊಂಡು ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಹೇಳಿದ್ದೀನಿ, ಹಾಗಾಗಿ ಒಂದೆರಡು ಕಡೆ ವಿಡಿಯೋಗಿಂತ ಉದ್ದ ಆಗಿದೆ.

ನಮ್ಮ ಚಾನೆಲ್ ನೋಡೋರಲ್ಲಿ ಬಹಳ ಮಂದಿಯ ಮನೆಯಲ್ಲಿ ಒಂದು ಪೆಟ್ಟಿಗೆ ಇದ್ದೇ ಇರುತ್ತೆ. ಧಾರವಾಡದಲ್ಲೋ ಮೈಸೂರಲ್ಲೋ ಶಿವಮೊಗ್ಗದಲ್ಲೋ ಅಪ್ಪ-ಅಮ್ಮ ಕೂಡಿಸಿಟ್ಟ ಸಿ.ಡಿ.ಗಳು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಎಂ.ಎಸ್. ಸುಬ್ಬುಲಕ್ಷ್ಮಿ, ಆರ್.ಕೆ. ಶ್ರೀಕಂಠನ್, ದೊರೆಸ್ವಾಮಿ ಅಯ್ಯಂಗಾರರ ವೀಣೆ. ನಾವು ಪುಣೆಗೋ ಚೆನ್ನೈಗೋ ಬಂದ್ವಿ. ಪ್ಲೇಯರ್ ಕೆಟ್ಟು ಹೋಯ್ತು, ಲ್ಯಾಪ್‌ಟಾಪ್‌ನಲ್ಲಿ ಡ್ರೈವೇ ಇಲ್ಲ, ಪೆಟ್ಟಿಗೆ ಅಟ್ಟದ ಮೇಲೆ. "ಎಲ್ಲಾ ಆನ್‌ಲೈನ್‌ನಲ್ಲಿ ಸಿಗುತ್ತಲ್ಲ" ಅಂತ ಸಮಾಧಾನ.

ಎಲ್ಲಾ ಸಿಗಲ್ಲ, ನೀವೇ ಹುಡುಕಿ ನೋಡಿ. ಸಿನಿಮಾ ಹಾಡಿನ ವಿಷಯದಲ್ಲಿ ಆ ಮಾತು ಹೆಚ್ಚುಕಡಿಮೆ ನಿಜ. ಆದ್ರೆ ಶಾಸ್ತ್ರೀಯ ಸಂಗೀತದ ಎಷ್ಟೋ ಸಿ.ಡಿ.ಗಳನ್ನ ಹೊರತಂದ ಸಣ್ಣ ಕಂಪನಿಗಳು ಈಗ ಬಾಗಿಲು ಹಾಕಿವೆ, ಹಕ್ಕು ಯಾರ ಹತ್ರ ಇದೆ ಅಂತ ಅವರಿಗೇ ಗೊತ್ತಿಲ್ಲ. ಸಿಕ್ಕರೂ ತಬಲಾದಲ್ಲಿ ಯಾರು, ಪಿಟೀಲಿನಲ್ಲಿ ಯಾರು ಅನ್ನೋ ಹೆಸರೇ ಇರಲ್ಲ. ಇವತ್ತು ಇದ್ದ ಆಲ್ಬಮ್ ಲೈಸೆನ್ಸ್ ಮುಗಿದ ಮೇಲೆ ನಾಳೆ ಬೂದು ಬಣ್ಣಕ್ಕೆ ತಿರುಗಿರುತ್ತೆ, ಒತ್ತಿದರೆ ನುಡಿಯಲ್ಲ. ನಿಮ್ಮ ಪೆಟ್ಟಿಗೆಯಲ್ಲಿರೋದು ನಿಮ್ಮದು. ಅದನ್ನ ಫೈಲ್ ಮಾಡಿ ಇಟ್ಕೊಳ್ಳೋದು ಒಂದು ಮಳೆಗಾಲದ ಕೆಲಸ, ಅಷ್ಟೆ.

ಸಿ.ಡಿ. ಒಳಗೆ ಏನಿದೆ

ಎಂಜಿನಿಯರ್ ಬುದ್ಧಿ, ಇದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. ಆಡಿಯೋ ಸಿ.ಡಿ.ಯಲ್ಲಿ ಫೈಲ್‌ಗಳೇ ಇಲ್ಲ. ವಿಂಡೋಸ್‌ನಲ್ಲಿ ತೆರೆದರೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಪುಟ್ಟ ಪುಟ್ಟ ಫೈಲ್ ಕಾಣುತ್ತಲ್ಲ, ಅವು ಬರೀ ತೋರಿಕೆಗೆ. ಅವನ್ನ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಏನೂ ಬರಲ್ಲ. ಒಳಗಿರೋದು ಮಧ್ಯದಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ಧಾರೆ: ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದು 16 ಬಿಟ್, ಎಡ-ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ನಿಮಿಷಕ್ಕೆ ಹತ್ತು ಎಂ.ಬಿ. ಚಿಲ್ಲರೆ.

ಈಗ ಮುಖ್ಯ ವಿಷಯ. ಸಾಫ್ಟ್‌ವೇರ್ ತುಂಬಿದ ಡೇಟಾ ಸಿ.ಡಿ.ಯಲ್ಲಿ 2352 ಬೈಟ್‌ಗಳ ಒಂದೊಂದು ಸೆಕ್ಟರ್‌ನಲ್ಲಿ 2048 ಮಾತ್ರ ಡೇಟಾಕ್ಕೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ತಪ್ಪು ತಿದ್ದೋಕೆ. ಆಡಿಯೋ ಸಿ.ಡಿ.ಯಲ್ಲಿ ಈ ಎರಡನೇ ಪದರದ ರಕ್ಷಣೆ ಇಲ್ಲ, ಇಡೀ 2352 ಬೈಟೂ ಸಂಗೀತವೇ. ಕೆಳಗಿನ ಪದರದಲ್ಲಿ ರೀಡ್-ಸಾಲೊಮನ್ ಕೋಡ್ ಇದೆ, ಕೋಡಿಂಗ್ ಥಿಯರಿ ಓದಿದವರಿಗೆ ನೆನಪಿರಬಹುದು. ಅದು ಸುರುಳಿಯ ಮೇಲೆ ಸುಮಾರು 2.5 ಮಿ.ಮೀ. ಉದ್ದ ಡೇಟಾ ಹೋದರೂ ಪೂರ್ತಿ ವಾಪಸ್ ತರುತ್ತೆ. ಅದಕ್ಕೂ ಮೀರಿದ ಗಾಯ ಆದ್ರೆ ಡ್ರೈವ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ನಡುವಿನದನ್ನ ಊಹೆ ಮಾಡಿ ಕೊಟ್ಟುಬಿಡುತ್ತೆ. ಊಹಿಸಿದೀನಿ ಅಂತ ನಿಮಗೆ ಹೇಳಲ್ಲ! ಅದಕ್ಕೇ ಸಾಮಾನ್ಯ ಮ್ಯೂಸಿಕ್ ಪ್ಲೇಯರ್‌ನಲ್ಲಿ 'ರಿಪ್' ಬಟನ್ ಒತ್ತಿ ಬಂದ ಫೈಲನ್ನ ನಾನು ನಂಬಲ್ಲ. ಬಂದಿರಬಹುದು, ಬರದೆಯೂ ಇರಬಹುದು. ತಾನಪುರದ ಶ್ರುತಿಯ ನಡುವೆ ಒಂದು ಸಣ್ಣ 'ಟಿಕ್' ಐದು ವರ್ಷ ಆದ್ಮೇಲೆ ಕೇಳಿಸಿದರೆ, ಆಗ ಮೂಲ ಸಿ.ಡಿ. ಇರಲ್ಲ.

ಇದೇ ಕಾರಣಕ್ಕೆ ಸಿ.ಡಿ. ಒರೆಸುವಾಗ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಸುರುಳಿಗೆ ಅಡ್ಡಲಾಗಿ ಬಿದ್ದ ಗೀರು ಒಂದೊಂದು ಸುತ್ತಿಗೆ ಒಂದೊಂದು ಚುಕ್ಕೆ ಮಾತ್ರ ಕೆಡಿಸುತ್ತೆ, ತಿದ್ದುಪಡಿಯಾಗುತ್ತೆ. ಸುರುಳಿಯ ಗುಂಟ ಬಿದ್ದರೆ ಒಂದೇ ಕಡೆ ಉದ್ದಕ್ಕೆ ಹೋಗುತ್ತೆ. ಇನ್ನೊಂದು, ಎಲ್ಲರೂ ಹೊಳೆಯುವ ಬದಿಯನ್ನ ಜೋಪಾನ ಮಾಡ್ತಾರೆ. ಆ ಕಡೆ ಒಂದು ಮಿ.ಮೀ.ಗಿಂತ ದಪ್ಪ ಪ್ಲಾಸ್ಟಿಕ್ ಇದೆ. ಸಂಗೀತ ಇರುವ ಅಲ್ಯೂಮಿನಿಯಂ ಪದರ ಹೆಸರು ಛಾಪಿಸಿದ ಬದಿಗೇ ಹತ್ತಿರ, ಅದರ ಮೇಲೆ ತೆಳ್ಳಗಿನ ವಾರ್ನಿಷ್ ಮಾತ್ರ. ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಸಿ.ಡಿ.ಗಳನ್ನ ಮೊದಲು ಇಳಿಸಿಕೊಳ್ಳಿ.

ಇಳಿಸೋದು

ಯು.ಎಸ್.ಬಿ. ಡಿವಿಡಿ ರೈಟರ್ ಒಂದು ಬೇಕು. ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್, ಪುಣೆಯ ತಪಕೀರ್ ಗಲ್ಲಿ, ನಿಮ್ಮ ಊರಿನ ಅಡ್ಡಾ ನಿಮಗೆ ಗೊತ್ತು. ಸಾಧ್ಯ ಆದ್ರೆ ಎರಡು ಬೇರೆ ಬೇರೆ ಕಂಪನಿಯ ಡ್ರೈವ್ ಇಟ್ಕೊಳ್ಳಿ. ಒಂದರಲ್ಲಿ ಓದದ ಸಿ.ಡಿ. ಇನ್ನೊಂದರಲ್ಲಿ ಓದೋದು ಬಹಳ ಸಲ ಆಗುತ್ತೆ, ಕಾರಣ ಹುಡುಕೋಕೆ ಹೋಗಬೇಡಿ.

ಸಾಫ್ಟ್‌ವೇರ್: ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್. ಮೂರೂ ಉಚಿತ. ಇವು ಸೆಕ್ಟರ್‌ಗಳನ್ನ ಮತ್ತೆ ಮತ್ತೆ ಓದಿ, ಉತ್ತರ ಒಂದೇ ಬಂತಾ ಅಂತ ನೋಡುತ್ವೆ. ಜೊತೆಗೆ ಅಕ್ಯುರೇಟ್‌ರಿಪ್ ಅಂತ ಒಂದು ಡೇಟಾಬೇಸ್ ಇದೆ, ಜಗತ್ತಿನ ಬೇರೆಯವರು ಅದೇ ಸಿ.ಡಿ. ಇಳಿಸಿದಾಗ ಬಂದ ಚೆಕ್‌ಸಮ್ ಜೊತೆ ನಿಮ್ಮದನ್ನ ಹೋಲಿಸುತ್ತೆ. ಕೂಡಿ ಬಂದರೆ ಬಿಟ್ ಬಿಟ್ಟೂ ಸರಿ ಅಂತ ಅರ್ಥ.

ಆದ್ರೆ ನಮ್ಮ ಸಂಗೀತಕ್ಕೆ ಇಲ್ಲೊಂದು ತೊಡಕು. ಬೀಟಲ್ಸ್ ಆಲ್ಬಮ್ ಆದರೆ ಸಾವಿರ ಜನ ಇಳಿಸಿರ್ತಾರೆ. ಕುಂದಗೋಳದ ಕಛೇರಿಯ ಸಿ.ಡಿ.ಯನ್ನ ನಿಮಗಿಂತ ಮುಂಚೆ ಯಾರೂ ಇಳಿಸಿರಲ್ಲ, ಡೇಟಾಬೇಸ್ ಕೈ ಎತ್ತಿಬಿಡುತ್ತೆ. ಆಗ 'ಟೆಸ್ಟ್ ಅಂಡ್ ಕಾಪಿ' ಅನ್ನೋ ಆಯ್ಕೆ ಬಳಸಿ. ಪೂರ್ತಿ ಎರಡು ಸಲ ಓದಿ ಎರಡರ ಚೆಕ್‌ಸಮ್ ಪಕ್ಕಪಕ್ಕ ತೋರಿಸುತ್ತೆ. ಎರಡೂ ಒಂದೇ ಆದ್ರೆ ಮುಂದಕ್ಕೆ ಹೋಗಿ. ಬೇರೆ ಬಂದ್ರೆ ಒರೆಸಿ, ಇನ್ನೊಂದು ಡ್ರೈವ್‌ಗೆ ಹಾಕಿ. ಒಂದು ಸಿ.ಡಿ.ಗೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಆಫೀಸ್ ಕಾಲ್ ನಡೆಯುವಾಗ ಪಕ್ಕದಲ್ಲಿ ಅದರ ಪಾಡಿಗೆ ಓಡ್ತಿರುತ್ತೆ, ದಿನಕ್ಕೆ ನಾಲ್ಕೈದು ಆರಾಮಾಗಿ ಮುಗಿಯುತ್ತೆ. ಕೊನೆಗೆ ಬರುವ ಲಾಗ್ ಫೈಲನ್ನ ಅದೇ ಫೋಲ್ಡರ್‌ನಲ್ಲಿ ಇಡಿ.

ಫಾರ್ಮ್ಯಾಟ್ ಬಗ್ಗೆ ಚರ್ಚೆ ಬೇಡ, ಫ್ಲ್ಯಾಕ್. ಎಂಪಿ3 ಕೇಳಿಸದ್ದನ್ನ ಎಸೆದು ಸಣ್ಣದಾಗುತ್ತೆ. ಫ್ಲ್ಯಾಕ್ ಏನನ್ನೂ ಎಸೆಯದೆ, ಜಿಪ್ ಮಾಡಿದ ಹಾಗೆ, ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತೆ. 200 ಸಿ.ಡಿ. ಅಂದ್ರೆ 60-70 ಜಿ.ಬಿ. ಮದುವೆ ವಿಡಿಯೋಗೆ ಇದಕ್ಕಿಂತ ಜಾಸ್ತಿ ಜಾಗ ಕೊಟ್ಟಿದ್ದೀವಿ. 78 ಆರ್‌ಪಿಎಂ ತಟ್ಟೆಗಳಿಂದ ಎತ್ತಿದ ಹಳೇ ಮೋನೋ ಧ್ವನಿಮುದ್ರಣಗಳಲ್ಲಿ ಎರಡೂ ಚಾನೆಲ್ ತದ್ರೂಪ ಆಗಿದ್ದರೆ ಇನ್ನೂ ಕುಗ್ಗುತ್ತೆ. ಫೋನಿಗೆ ಎಂಪಿ3 ಬೇಕಾದ್ರೆ ಫ್ಲ್ಯಾಕ್‌ನಿಂದ ಯಾವತ್ತಾದರೂ ಮಾಡ್ಕೋಬಹುದು, ಎಂಪಿ3ಯಿಂದ ಹಿಂದಕ್ಕೆ ಬರೋಕಾಗಲ್ಲ. ಇನ್ನೊಂದು ಲಾಭವೂ ಇದೆ. ಆಲಾಪ ಒಂದು ಟ್ರ್ಯಾಕ್, ವಿಲಂಬಿತ್ ಇನ್ನೊಂದು ಅಂತ ಹಾಡಿನ ನಡುವೆಯೇ ಕತ್ತರಿಸಿರ್ತಾರೆ. ಎಂಪಿ3 ಎನ್‌ಕೋಡರ್ ಪ್ರತಿ ಟ್ರ್ಯಾಕಿನ ತುದಿಗೂ ಸ್ವಲ್ಪ ಮೌನ ಅಂಟಿಸುತ್ತೆ, ಅದನ್ನ ತೆಗೆಯೋದು ಪ್ಲೇಯರ್‌ನ ಜಾಣತನಕ್ಕೆ ಬಿಟ್ಟಿದ್ದು. ರಾಗಂ ಮುಗಿದು ತಾನಂ ಶುರುವಾಗೋ ಜಾಗದಲ್ಲಿ ಒಂದು ಬಿಕ್ಕಳಿಕೆ ಬಂದರೆ ಕೇಳೋರಿಗೆ ಹೇಗಿರುತ್ತೆ? ಫ್ಲ್ಯಾಕ್‌ನಲ್ಲಿ ಆ ಗೋಜಿಲ್ಲ.

ಹೆಸರಿಡೋದೇ ನಿಜವಾದ ಕೆಲಸ

ಇಲ್ಲಿವರೆಗಿನದು ಯಂತ್ರದ ಕೆಲಸ. ಮುಂದಿನದಕ್ಕೆ ಇದರ ನಾಲ್ಕರಷ್ಟು ಸಮಯ ಬೇಕು.

ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರು ಇರೋದೇ ಇಲ್ಲ. ಸಾಫ್ಟ್‌ವೇರ್ ಟ್ರ್ಯಾಕ್‌ಗಳು ಎಲ್ಲೆಲ್ಲಿ ಶುರುವಾಗುತ್ತೆ ಅನ್ನೋದರ ಲೆಕ್ಕ ಹಾಕಿ, ಆ ಗುರುತು ಹಿಡಿದು ಇಂಟರ್‌ನೆಟ್‌ನಲ್ಲಿ ಹುಡುಕುತ್ತೆ. ಹಾಗಾಗಿ ಮೂರು ಟ್ರ್ಯಾಕಿನ ಖ್ಯಾಲ್ ಸಿ.ಡಿ. ಹಾಕಿದರೆ ಒಮ್ಮೊಮ್ಮೆ ಯಾವುದೋ ದೇಶದ ಯಾವುದೋ ಆಲ್ಬಮ್‌ನ ಹೆಸರು ಬಂದು ಕೂರುತ್ತೆ. ಸರಿಯಾದದ್ದೇ ಸಿಕ್ಕರೂ ಒಬ್ಬ ಪುಣ್ಯಾತ್ಮ ಆರ್ಟಿಸ್ಟ್ ಜಾಗದಲ್ಲಿ ತ್ಯಾಗರಾಜ ಅಂತ ಹಾಕಿರ್ತಾನೆ, ಇನ್ನೊಬ್ಬ ಕಂಪನಿ ಹೆಸರು. ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ನೋಡಿ, ಸಿಕ್ಕರೆ ಒಳ್ಳೇದು. ಬಾಕಿದ್ದು ಕೈಯಾರೆ ತುಂಬಬೇಕು, ಅದಕ್ಕೆ ಎಂಪಿ3ಟ್ಯಾಗ್ ಸಾಕು. ಹೆಸರಲ್ಲಿ ಎಂಪಿ3 ಇದ್ದರೂ ಫ್ಲ್ಯಾಕ್‌ಗೂ ನಡೆಯುತ್ತೆ.

ಪಾಶ್ಚಾತ್ಯ ಪಾಪ್ ಸಂಗೀತಕ್ಕೆ ಮಾಡಿದ ಖಾನೆಗಳು: ಹಾಡು, ಹಾಡುಗಾರ, ಆಲ್ಬಮ್. ನಮಗೆ ಸಾಲದು. ಫ್ಲ್ಯಾಕ್‌ನ ಒಳ್ಳೇ ಗುಣ ಏನಂದ್ರೆ, ನಿಮಗೆ ಬೇಕಾದ ಹೆಸರಿನ ಖಾನೆ ನೀವೇ ಮಾಡ್ಕೋಬಹುದು, ಒಂದೇ ಖಾನೆಗೆ ನಾಲ್ಕು ಬೆಲೆ ಬೇಕಾದರೂ ಕೊಡಬಹುದು. ನಾನು ಇಟ್ಕೊಂಡಿರೋದು ರಾಗ, ತಾಳ, ಪ್ರಕಾರ (ಖ್ಯಾಲ್, ಠುಮರಿ, ವರ್ಣ, ಕೃತಿ, ದೇವರನಾಮ, ವಚನ ಹೀಗೆ), ಪದ್ಧತಿ, ರಚನೆ ಯಾರದು, ಪಕ್ಕವಾದ್ಯದವರ ಹೆಸರು ವಾದ್ಯದ ಸಮೇತ, ಮತ್ತು ಹಾಡಿದ ವರ್ಷ. ಹಾಡಿದ ವರ್ಷ ಬೇರೆ, ಸಿ.ಡಿ. ಬಂದ ವರ್ಷ ಬೇರೆ. ಅರವತ್ತರ ದಶಕದ ಆಕಾಶವಾಣಿ ಮುದ್ರಣ 1995ರಲ್ಲಿ ಸಿ.ಡಿ. ಆಗಿ ಬಂದಿದ್ದರೆ, ಇಂಟರ್‌ನೆಟ್ ನಿಮಗೆ 1995 ಅಂತ ಹೇಳುತ್ತೆ. ಗಾಯಕರ ಗಂಟಲು ಯಾವ ಪ್ರಾಯದ್ದು ಅಂತ ತಿಳಿಯೋಕೆ ಅದರಿಂದ ಏನೂ ಉಪಯೋಗ ಇಲ್ಲ.

'ಪದ್ಧತಿ' ಯಾಕೆ ಅಂತ ವಿಡಿಯೋ ಕಾಮೆಂಟ್‌ನಲ್ಲಿ ಕೇಳಿದ್ರು. ಕರ್ನಾಟಕದವರಾದ ನಮ್ಮ ಪೆಟ್ಟಿಗೆಯಲ್ಲಿ ಎರಡೂ ಸಂಗೀತ ಇರುತ್ತೆ, ರಾಗದ ಹೆಸರುಗಳು ಮೋಸ ಮಾಡುತ್ವೆ. ಹಿಂದುಸ್ತಾನಿಯ ತೋಡಿ ಬೇರೆ, ಕರ್ನಾಟಕದ ತೋಡಿ ಬೇರೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿ ಥಾಟಿನವು. ಹಿಂದುಸ್ತಾನಿ ತೋಡಿಯ ಸ್ವರಗಳು ಕರ್ನಾಟಕದ ಶುಭಪಂತುವರಾಳಿಯವು. ಭೈರವಿ ಅಂತ ಕರ್ನಾಟಕದಲ್ಲಿ ಇನ್ನೊಂದೇ ರಾಗ ಇದೆ, ನಠಭೈರವಿಯ ಜನ್ಯ. ಹಿಂದೋಳ ಅಂದ್ರೆ ಅತ್ತ ಕಡೆಯ ಮಾಲಕಂಸ, ಅತ್ತ ಕಡೆಯ ಹಿಂಡೋಲ್ ಅಲ್ಲ. ಪದ್ಧತಿ ಹಾಕದೆ 'ಭೈರವಿ' ಅಂತ ಹುಡುಕಿದರೆ, ಕಛೇರಿ ಮುಗಿಸುವ ಠುಮರಿ, ನಡುವಿನ ದೊಡ್ಡ ಕೃತಿ ಎರಡೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ವೆ. ಇನ್ನು ದೇವರನಾಮಗಳು. ಸಾಹಿತ್ಯ ಪುರಂದರದಾಸರದ್ದು, ರಾಗ ಮಾತ್ರ ಹಾಡುವವರ ಪರಂಪರೆಯದ್ದು. 'ಭಾಗ್ಯದ ಲಕ್ಷ್ಮೀ ಬಾರಮ್ಮ'ವನ್ನ ಕರ್ನಾಟಕ ಸಂಗೀತದವರು ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡ್ತಾರೆ, ಭೀಮಸೇನ ಜೋಶಿಯವರ ದಾಟಿಯೇ ಬೇರೆ. ಅದಕ್ಕೆ ರಾಗವನ್ನ ಹಾಡಿನ ಹೆಸರು ನೋಡಿ ತುಂಬಬೇಡಿ, ಆ ಮುದ್ರಣ ಕೇಳಿಯೇ ತುಂಬಿ.

ಇನ್ನು ಕಾಗುಣಿತದ ಗೋಳು. ಇಂಗ್ಲಿಷ್ ಲಿಪಿಯಲ್ಲಿ ಬರೆದ್ರೆ ತೋಡಿಗೆ ಚೆನ್ನೈ ಕಂಪನಿಯವರು 'ಟಿ' ಜೊತೆ 'ಎಚ್' ಹಾಕ್ತಾರೆ, ಮುಂಬೈಯವರು ಹಾಕಲ್ಲ. ಶಂಕರಾಭರಣಕ್ಕೆ ಒಬ್ಬರು 'ಎಸ್‌ಎಚ್', ಒಬ್ಬರು ಬರೀ 'ಎಸ್'. ಒಂದು ರಾಗ ಮೂರು ರಾಗ ಆಗುತ್ತೆ. ಕನ್ನಡ ಲಿಪಿಯಲ್ಲೇ ಬರೆದುಬಿಟ್ರೆ ಈ ರಗಳೆಯ ಮುಕ್ಕಾಲು ಪಾಲು ಹೋಗುತ್ತೆ. ಫ್ಲ್ಯಾಕ್ ಟ್ಯಾಗ್‌ಗಳು ಯೂನಿಕೋಡ್, ಕನ್ನಡ ಸಲೀಸಾಗಿ ಕೂರುತ್ತೆ. ಉಳಿದ ಕಾಲು ಪಾಲಿಗೆ ಒಂದು ಟೆಕ್ಸ್ಟ್ ಫೈಲ್ ಇಟ್ಕೊಳ್ಳಿ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಈನಮ್. 'ಮಾಲಕಂಸ'ನೋ 'ಮಾಲ್ಕೌಂಸ್'ನೋ, 'ಭೂಪ್'ನೋ 'ಭೂಪಾಲಿ'ಯೋ, ಒಂದನ್ನ ತೀರ್ಮಾನ ಮಾಡಿ ಅಲ್ಲಿಂದಲೇ ಕಾಪಿ-ಪೇಸ್ಟ್ ಮಾಡಿ. ಟೈಪ್ ಮಾಡಬೇಡಿ ಅನ್ನೋಕೆ ಇನ್ನೊಂದು ಕಾರಣ ಇದೆ. 'ಯಮನ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದ ಬರೆದಾಗ ಕೆಲವು ಕೀಬೋರ್ಡ್‌ಗಳು ಹಿಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ವೆ, ಝಡ್‌ಡಬ್ಲ್ಯುಎನ್‌ಜೆ. ಫೋನಿನಲ್ಲಿ ಬರೆದ ಯಮನ್, ಲ್ಯಾಪ್‌ಟಾಪಲ್ಲಿ ಬರೆದ ಯಮನ್ ಪರದೆ ಮೇಲೆ ತದ್ವತ್ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ರಾಗ.

ಗಾಯಕರ ಹೆಸರಿಗೂ ಇದೇ ಶಿಸ್ತು. ಪಂಡಿತ್, ಉಸ್ತಾದ್, ವಿದ್ವಾನ್ ಎಲ್ಲಾ ಮನಸ್ಸಿನಲ್ಲಿರಲಿ, ಆರ್ಟಿಸ್ಟ್ ಖಾನೆಯಲ್ಲಿ ಬೇಡ. ಹಾಕಿದ್ರೆ ಅರ್ಧ ಹಿಂದುಸ್ತಾನ 'ಪ'ದ ಕೆಳಗೆ ಸಾಲಾಗಿ ನಿಲ್ಲುತ್ತೆ. ಇನಿಷಿಯಲ್‌ಗಳ ನಡುವೆ ಚುಕ್ಕೆ ಇರಬೇಕಾ, ಜಾಗ ಬಿಡಬೇಕಾ ಅನ್ನೋದು ಒಮ್ಮೆ ತೀರ್ಮಾನ ಆಗಲಿ.

ಫೈಲ್ ಮತ್ತು ಫೋಲ್ಡರ್ ಹೆಸರು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ, ಗಾಯಕರು, ಅದರೊಳಗೆ ಆಲ್ಬಮ್, ಅಷ್ಟೇ. ಹಳೇ ಕಾರ್ ಸ್ಟೀರಿಯೋದಲ್ಲಿ ಕನ್ನಡ ಅಕ್ಷರ ಚೌಕ ಚೌಕ ಡಬ್ಬಿಯಾಗಿ ಕಾಣುತ್ತೆ. ಇಂಥ ಸ್ಟೀರಿಯೋಗಳಿಗೆ ನಮ್ಮ 'ರಾಗ' ಖಾನೆಯೂ ಗೊತ್ತಾಗಲ್ಲ. ಅದಕ್ಕೆ ಎಂಪಿ3ಟ್ಯಾಗ್‌ನಲ್ಲಿ ಒಂದು ಸಾಲಿನ ಸೂತ್ರ ಬರೆದು ಶೀರ್ಷಿಕೆಯನ್ನ 'ಕೃತಿ – ರಾಗ – ತಾಳ' ಅಂತ ತಾನೇ ಜೋಡಿಸುವ ಹಾಗೆ ಮಾಡಿ. ಖಾನೆಗಳು ಮೂಲ, ಶೀರ್ಷಿಕೆ ಅದರಿಂದ ಹುಟ್ಟಿದ್ದು. ಮುಂದೆ ರಾಗ ತಿದ್ದಿದರೆ ಸೂತ್ರ ಮತ್ತೆ ಓಡಿಸಿದರಾಯ್ತು. ಮನೆಯ ಕಂಪ್ಯೂಟರಿನಲ್ಲಿ ಫೂಬಾರ್ ಥರದ ಪ್ಲೇಯರ್ ಇದ್ದರೆ ರಾಗಕ್ಕೇ ಒಂದು ಕಾಲಮ್ ಕೊಡಬಹುದು. ಹನ್ನೊಂದು ಜನರ ಯಮನ್ ಒಂದರ ಕೆಳಗೊಂದು ನೋಡಿದಾಗ, ಇಷ್ಟು ದಿನ ಕೂತು ತುಂಬಿದ್ದಕ್ಕೂ ಒಂದು ಅರ್ಥ ಬಂತು ಅನ್ನಿಸ್ತು ನನಗೆ. ಶಫಲ್ ಮಾತ್ರ ಒತ್ತಬೇಡಿ, ಹಿಂಜೇವಾಡಿ ಟ್ರಾಫಿಕ್ಕಲ್ಲಿ ಹಿಂದೆಮುಂದೆ ಇಲ್ಲದ ತನಿ ಆವರ್ತನ ಶುರುವಾಗುತ್ತೆ.

ಹೆಸರೇ ಇಲ್ಲದ ಸಿ.ಡಿ.ಗಳು

ಅಂಗಡಿಯ ಸಿ.ಡಿ.ಗಳು ಕಾಯುತ್ವೆ. ಕಾಯದೇ ಇರೋದು ಮನೆಯಲ್ಲಿ ಬರ್ನ್ ಮಾಡಿದ ಸಿ.ಡಿ.-ಆರ್. ಅದರಲ್ಲಿ ಅಚ್ಚೊತ್ತಿದ ಗುಳಿಗಳಿಲ್ಲ, ಬಣ್ಣದ ಒಂದು ಪದರವನ್ನ ಲೇಸರ್ ಸುಟ್ಟಿರುತ್ತೆ. ಆ ಬಣ್ಣ ಬಿಸಿಲಿಗೆ, ಬಿಸಿಗೆ, ಮುಂಬೈ-ಚೆನ್ನೈಯ ತೇವಕ್ಕೆ ಮಾಸುತ್ತೆ. ಹಾಗಾಗಿ ಅನುಕ್ರಮ ತಿರುವುಮುರುವು: ಮೊದಲು ಇವು, ಆಮೇಲೆ ಕಂಪನಿ ಸಿ.ಡಿ.ಗಳು.

ನಮ್ಮಪ್ಪ ಹುಬ್ಬಳ್ಳಿಯಿಂದ ನಮ್ಮ ಜೊತೆ ಇರೋಕೆ ಪುಣೆಗೆ ಬಂದಾಗ ತಂದ ಸಂಗ್ರಹದಲ್ಲಿ ಇಂಥವು 43 ಇದ್ದವು. ಯಾರದೋ ಮನೆಯ ಬೈಠಕ್, ಗಣೇಶೋತ್ಸವದ ಕಛೇರಿ, ಕ್ಯಾಸೆಟ್‌ನಿಂದ ಯಾರೋ ಗೆಳೆಯರು ಇಳಿಸಿಕೊಟ್ಟದ್ದು. ಕೆಲವದರ ಮೇಲೆ ಮಾರ್ಕರಿನ ಬರಹ ಅಳಿಸಿ ಹೋಗಿದೆ. ಕೆಲವದರಲ್ಲಿ ಬರೀ 'ಛಲೋ ಅದ' ಅಂತ ಇದೆ. ಇಂಟರ್‌ನೆಟ್ ಬಿಡಿ, ಯಾವ ಡೇಟಾಬೇಸ್‌ನಲ್ಲೂ ಇವುಗಳ ವಿವರ ಸಿಗಲ್ಲ. ಇದ್ದರೆ ಅಪ್ಪನ ತಲೆಯಲ್ಲಿ. ಅಪ್ಪನಿಗೆ ಎಪ್ಪತ್ನಾಲ್ಕು.

ಭಾನುವಾರ ಚಹಾ ಆದ್ಮೇಲೆ ನಾನು ಒಂದೊಂದೇ ಫೈಲ್ ಹಾಕ್ತೀನಿ, ಅವರು ಹೇಳ್ತಾರೆ, ನಾನು ತುಂಬ್ತೀನಿ. ದನಿ ಗುರುತಿಸೋಕೆ ಅವರಿಗೆ ಒಂದು ನಿಮಿಷ ಸಾಕು. ಒಮ್ಮೊಮ್ಮೆ ಹಾಡಿನ ಮಧ್ಯೆ ಸಭೆಯಲ್ಲಿ 'ವಾಹ್' ಅಂದವರ ದನಿಯೂ ಯಾರದ್ದು ಅಂತ ಹೇಳಿಬಿಡ್ತಾರೆ. ಇನ್ನೊಂದು ದಿನ ಅಂಗಡಿಯಿಂದ ಕೊಂಡ ಒಂದು ಸಿ.ಡಿ. ಹಾಕಿದ್ದೆ, ಕವರ್ ಮೇಲೆ ಮಾಲಕಂಸ ಅಂತ ಸ್ಪಷ್ಟವಾಗಿ ಛಾಪಿಸಿತ್ತು, ಹಾಗೇ ತುಂಬ್ತಿದ್ದೆ. ಅಪ್ಪ ಕೈ ಎತ್ತಿ, "ಏ ತಮ್ಮಾ, ತಡಿ. ನಿಷಾದ ಕೇಳು. ಶುದ್ಧ ನಿಷಾದ ಅದ. ಇದು ಚಂದ್ರಕಂಸ. ಛಾಪಿಸಿದವಗ ಏನ್ ಗೊತ್ತು" ಅಂದ್ರು. ಕೇಳಿದೆ, ಹೌದು. ಆವತ್ತಿನಿಂದ 'ಹೇಳಿದವರು' ಅಂತ ಇನ್ನೊಂದು ಖಾನೆ ಮಾಡಿದೀನಿ. ಅದರಲ್ಲಿ ಕವರ್, ಅಪ್ಪ, ಅಥವಾ ಊಹೆ, ಈ ಮೂರರಲ್ಲಿ ಒಂದು. ಆಫೀಸಿನಲ್ಲಿ ಪ್ರತಿ ಡೇಟಾಗೆ ಮೂಲ ಎಲ್ಲಿಂದ ಅಂತ ಬರೆದಿಡ್ತೀವಲ್ಲ, ಅದೇ.

ಪ್ರತಿ ಆಲ್ಬಮ್‌ಗೆ ಒಂದು ಟಿಪ್ಪಣಿ ಫೈಲೂ ಇದೆ. 'ಈ ಕಛೇರಿಗೆ ಹೋಗುವಾಗ ಕೊನೇ ಬಸ್ ತಪ್ಪಿತ್ತು, ಕುಂದಗೋಳದಿಂದ ನಡಕೊಂತ ಬಂದ್ವಿ' ಅಂತ ಅವರು ಹೇಳಿದ್ದು ಯಾವ ಟ್ಯಾಗ್‌ಗೂ ಹೊಂದಲ್ಲ, ಆದ್ರೂ ಬರೆದಿಟ್ಟಿದ್ದೀನಿ. ನಿಮ್ಮ ಅಪ್ಪ-ಅಮ್ಮ ಊರಲ್ಲೇ ಇದ್ದರೆ ಫೈಲ್‌ನ ಮೊದಲ ಎರಡು ನಿಮಿಷ ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಿ, ಉತ್ತರ ಧ್ವನಿ ಸಂದೇಶದಲ್ಲೇ ಬರಲಿ, ಅದನ್ನೂ ಉಳಿಸಿಕೊಳ್ಳಿ. ಚೆನ್ನೈಯ ನನ್ನ ಸ್ನೇಹಿತರೊಬ್ಬರು ತಾಯಿಯ ಜೊತೆ ಹೀಗೇ ಮಾಡ್ತಿದ್ದಾರೆ. ಆಕೆ ರಾಗದ ಹೆಸರು ಹೇಳೋ ಬದಲು ಅದೇ ರಾಗದ ಇನ್ನೊಂದು ಕೃತಿ ಹಾಡಿ ಕಳಿಸ್ತಾರಂತೆ.

ಕೊನೆಯದಾಗಿ ಸಣ್ಣಪುಟ್ಟದ್ದು

ಕವರ್ ಮತ್ತು ಒಳಗಿನ ಪುಸ್ತಕ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಪಕ್ಕವಾದ್ಯದವರ ಹೆಸರು ಇರೋದು ಎಷ್ಟೋ ಸಲ ಅಲ್ಲಿ ಮಾತ್ರ. ಬ್ಯಾಕಪ್ ಎರಡು, ಒಂದು ಮನೆಯಲ್ಲಿ, ಇನ್ನೊಂದು ಊರಲ್ಲಿ ಅಣ್ಣನ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಪ್ರತಿ ಫ್ಲ್ಯಾಕ್ ಫೈಲ್ ಒಳಗೆ ಸಂಗೀತದ ಎಂಡಿ5 ಗುರುತು ಇರುತ್ತೆ, ಹಾಗಾಗಿ ವರ್ಷಕ್ಕೊಮ್ಮೆ ಎಲ್ಲಾ ಫೈಲ್‌ಗಳ ಮೇಲೆ ಟೆಸ್ಟ್ ಕಮಾಂಡ್ ಓಡಿಸಿದರೆ ಯಾವುದು ಕೆಟ್ಟಿದೆ ಅಂತ ಅದೇ ಹೇಳುತ್ತೆ. ನಾನು ಯುಗಾದಿಗೆ ಓಡಿಸ್ತೀನಿ, ನೆನಪಿರೋಕೆ ಸುಲಭ. ಸಿ.ಡಿ.ಗಳನ್ನ ರದ್ದಿಗೆ ಹಾಕಬೇಡಿ, ನೆಟ್ಟಗೆ ನಿಲ್ಲಿಸಿ ಕಪಾಟಿನಲ್ಲಿಡಿ. ಇಳಿಸಿದ್ದನ್ನ ಟೆಲಿಗ್ರಾಮ್ ಗುಂಪಿಗೆ ಹಾಕೋದೂ ಬೇಡ, ಇದು ಸ್ವಂತ ಬಳಕೆಗೆ.

ನಮ್ಮ 43ರಲ್ಲಿ 32ಕ್ಕೆ ಹೆಸರು ಸಿಕ್ಕಿದೆ. ಮೂರು ಯಾವ ಡ್ರೈವ್‌ನಲ್ಲೂ ಓದ್ತಿಲ್ಲ. ಉಳಿದ ಎಂಟರಲ್ಲಿ ಒಂದು ಹೆಣ್ಣುದನಿ ಇದೆ, ಜೈಪುರ ಘರಾಣೆಯ ಗಾಯಕಿ, ಅಪ್ಪನಿಗೆ ಎರಡು ಹೆಸರ ನಡುವೆ ಅನುಮಾನ. ಅದಕ್ಕೆ 'ಊಹೆ' ಅಂತಲೇ ಹಾಕಿದೀನಿ. ಮುಂದಿನ ವಿಡಿಯೋದಲ್ಲಿ ಕ್ಯಾಸೆಟ್. ಡೆಕ್ಕಿನ ತಲೆ ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಂದಿಟ್ಕೊಂಡಿರಿ.